ನಾಯಿ ಹೋಗಿ ಆನೆಯಾದ ಕೋಣೆ

ಹಳೆ ಮನೆಗೆ ಒಂದು ಕೋಣೆ ಸೇರಿಸಬೇಕೆಂದಿದ್ದೇನೆ ಎಂದು ಯಾರ ಹತ್ತಿರವಾದರೂ ಬಾಯಿ ಬಿಟ್ಟು ನೋಡಿ. ಕೇಳಿದವರು ಕೋಣೆಯ ಸುದ್ದಿ ಬಿಟ್ಟು ಮನೆಯ ಸುದ್ದಿಗೆ ಬರುತ್ತಾರೆ. "ಕಟ್ಟಿ ಎಷ್ಟು ವರ್ಷವಾಯಿತು?" ಎನ್ನುತ್ತಾರೆ. ಎಂಬತ್ತು ದಾಟಿತು ಎಂದರೆ ದನಿ ತಗ್ಗಿಸಿ, "ಕೆಡವಿ ಕಟ್ಟಿಬಿಡಿ" ಎನ್ನುತ್ತಾರೆ. ದನಿ ತಗ್ಗಿಸುವುದು ಯಾಕೆಂದು ಮೊದಮೊದಲು ತಿಳಿಯಲಿಲ್ಲ. ಗೋಡೆಗೆ ಕೇಳಿಸದಿರಲಿ ಅಂತ ಇರಬೇಕು.

ಎದುರು ಮನೆಯವರಂತೂ ಲೆಕ್ಕ ಹಾಕಿಯೇ ಕೊಟ್ಟರು. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಎರಡು ಬಾಡಿಗೆಗೆ, ಒಂದು ನಮಗೆ. "ನಮ್ಮ ಹತ್ತಿರ ಕಾರೇ ಇಲ್ಲವಲ್ಲ" ಎಂದೆ. "ಪಾರ್ಕಿಂಗ್ ಆದ್ಮೇಲೆ ಬರುತ್ತೆ ಬಿಡಿ" ಎಂದರು. ಇಂಥ ತರ್ಕಕ್ಕೆ ಎದುರಾಡಲು ನನಗೆ ಬರುವುದಿಲ್ಲ. ಅಂದಹಾಗೆ ಮನೆಯನ್ನೂ ಮದುವೆಯನ್ನೂ ಒಟ್ಟಿಗಿಟ್ಟು ಹೇಳುವ ಆ ಗಾದೆಯನ್ನು ನಾನು ಇಲ್ಲಿ ಎಳೆದು ತರುವುದಿಲ್ಲ. ನಮಗೆ ಸಿಮೆಂಟ್ ಹಾಕಿದ ಅಂಗಡಿಯವರು ಬಿಲ್ಲು ಕೊಡುವಾಗಲೆಲ್ಲ ಹೇಳಿ ಹೇಳಿ ಅದನ್ನು ಸವೆಸಿಬಿಟ್ಟಿದ್ದಾರೆ.

ಮೈಸೂರಿನಲ್ಲಿ ಇಂಥ ಸಲಹೆ ಕೊಡುವವರ ಕೈಗೆ ಸಾಕ್ಷಿಯೂ ಇದೆ. 2012ರ ಮಳೆಗಾಲದಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಕ್ಕ ಬಿತ್ತು. ಎರಡೂ ಆಗಸ್ಟ್ ತಿಂಗಳಲ್ಲೇ. ಅಂದಿನಿಂದ ಊರಿನವರಿಗೆ ಸುಣ್ಣದ ಗಾರೆಯ ಗೋಡೆಯೆಂದರೆ ಒಂದು ತರಹದ ಗುಮಾನಿ. ಆಗಸ್ಟ್ ಬಂತೆಂದರೆ ನಮ್ಮ ಷಡ್ಡಕರು ಬೆಂಗಳೂರಿನಿಂದ ಫೋನು ಮಾಡಿ, "ಎಲ್ಲಾ ನಿಂತಿದೆ ತಾನೆ?" ಎಂದು ವಿಚಾರಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಹಳೆ ಕಟ್ಟಡಕ್ಕೆ ವಯಸ್ಸಿಗಿಂತ ದೊಡ್ಡ ಶತ್ರು ತಾರಸಿಯ ಮೇಲೆ ಹುಟ್ಟಿದ ಅರಳಿ ಗಿಡ, ಮತ್ತು ಅದನ್ನು ನೋಡಿಯೂ "ನಾಳೆ ಕೀಳಿಸೋಣ" ಎನ್ನುವ ಮನೆಯ ಯಜಮಾನ. ಬೇರು ಬಿಟ್ಟ ಸಂದಿಯಲ್ಲಿ ನೀರು ಇಳಿಯುತ್ತದೆ, ನೀರು ಇಳಿದಲ್ಲಿ ತೊಲೆ ಕೊಳೆಯುತ್ತದೆ. ಅಷ್ಟೇ ಶಾಸ್ತ್ರ.

ನಮಗೆ ಕೋಣೆ ಬೇಕಾದದ್ದು ಬಾಡಿಗೆಗಲ್ಲ, ಅಮ್ಮನ ಮಂಡಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಬಂದ ಮೇಲೆ ಹಳೆ ಊರಿನಾಚೆ ಹೊಸ ಹೊಸ ಬಡಾವಣೆಗಳು ಎದ್ದವು. ಅಗಲವಾದ ರಸ್ತೆ, ಮನೆಯ ಮುಂದೆ ಕೈತೋಟಕ್ಕೆ ಜಾಗ, ಹಿಂದೆ ಒಂದು ಕನ್ಸರ್ವೆನ್ಸಿ ಗಲ್ಲಿ. ಕಕ್ಕಸು ಆ ಗಲ್ಲಿಗೆ ಒತ್ತಿಕೊಂಡು ಹಿತ್ತಲಿನ ಕೊನೆಯಲ್ಲಿ. ಅದನ್ನು ಹೊತ್ತು ತೆಗೆಯುವವರು ಮನೆಯವರ ಕಣ್ಣಿಗೆ ಬೀಳದೆ ಬಂದು ಹೋಗಲಿ ಎನ್ನುವ ಏರ್ಪಾಡು ಅದು. ಅದನ್ನು ಏರ್ಪಾಡು ಎಂದು ಕರೆಯುವುದಕ್ಕೆ ಈಗ ನಾಲಗೆ ಏಳುವುದಿಲ್ಲ. ಒಳಚರಂಡಿ ಬಂತು, ಫ್ಲಷ್ ಬಂತು, ನಲ್ಲಿ ಬಂತು. ಜಾಗ ಮಾತ್ರ ಅಲ್ಲೇ ಉಳಿಯಿತು. ನಮ್ಮ ಕೃಷ್ಣಮೂರ್ತಿಪುರಂ ಮನೆಯಲ್ಲಿ ನಡುರಾತ್ರಿ ಎದ್ದವರು ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಲ ಬಾಗಿಲು ತೆಗೆದು, ಒಗೆಯುವ ಕಲ್ಲನ್ನು ಬಳಸಿಕೊಂಡು, ಕರಿಬೇವಿನ ಗಿಡದ ಕೆಳಗೆ ತಲೆ ಬಗ್ಗಿಸಿ ಹೋಗಬೇಕು. ಎಂಬತ್ತೆರಡರ ಅಮ್ಮ ಮಳೆ ಬಂದರೆ ಕೊಡೆ ಹಿಡಿದುಕೊಂಡು ಹೋಗಿ ಬರುತ್ತಿದ್ದಳು. "ಅಭ್ಯಾಸವಾಗಿದೆ ಕಣೋ" ಎನ್ನುತ್ತಿದ್ದಳು. ಅವಳ ಮಂಡಿಗೆ ಅಭ್ಯಾಸವಾಗಿರಲಿಲ್ಲ.

ಆದ್ದರಿಂದ ಬೇಕಾದದ್ದು ಒಂದು ಬಚ್ಚಲು. ಬಚ್ಚಲು ಕಟ್ಟುವಾಗ ಅದಕ್ಕೆ ಹೊಂದಿಕೊಂಡು ಅಮ್ಮನಿಗೊಂದು ಮಲಗುವ ಕೋಣೆ ಎಂದಳು ನನ್ನ ಹೆಂಡತಿ. ಕೋಣೆಯೇ ಆದ ಮೇಲೆ ಪುಸ್ತಕದ ಬೀರು ಇಡಲು ಒಂದು ಮೂಲೆ ಎಂದೆ ನಾನು. ಅದರ ಮೇಲೊಂದು ಮಹಡಿ, ಲ್ಯಾಪ್‌ಟಾಪ್ ಇಟ್ಟುಕೊಳ್ಳಲು, ಎಂದ ಮಗ. ಬಕೆಟ್ಟಿನಷ್ಟು ಜಾಗದಿಂದ ಶುರುವಾದ ಮಾತು ಒಂದೇ ಸಂಜೆಯಲ್ಲಿ ನಾಲ್ಕು ಚದರಕ್ಕೆ ಏರಿತು.

ಆ ಮನೆಯಾದರೂ ಒಂದೇ ಮನೆಯಲ್ಲ. ಮುಂದಿನ ಭಾಗ ತಾತ ಕಟ್ಟಿಸಿದ್ದು, ಸುಣ್ಣದ ಗಾರೆಯಲ್ಲಿ ಕೂಡಿಸಿದ ಇಟ್ಟಿಗೆ, ಹದಿನೆಂಟು ಇಂಚಿನ ಗೋಡೆ, ಮೇಲೆ ಮದರಾಸ್ ತಾರಸಿ. ಪಕ್ಕದ ಕೋಣೆ ಅಪ್ಪ ಎಪ್ಪತ್ತರ ದಶಕದಲ್ಲಿ ಸೇರಿಸಿದ್ದು. ಆಗ ಸಿಮೆಂಟ್ ಅಂಗಡಿಗೆ ಹೋಗಿ ತರುವ ವಸ್ತುವಾಗಿರಲಿಲ್ಲ. ಅರ್ಜಿ ಹಾಕಿ, ಪರ್ಮಿಟ್ ಪಡೆದು ತರಬೇಕಿತ್ತು. 1982ರಲ್ಲಿ ಆ ಹಿಡಿತ ಅರ್ಧ ಸಡಿಲಿತು, 1989ರಲ್ಲಿ ಪೂರ್ತಿ ಹೋಯಿತು. ಅಪ್ಪ ಸಿಕ್ಕ ಮೂಟೆಗಳನ್ನು ಎಷ್ಟು ಜೋಪಾನದಿಂದ ಬಳಸಿದರೆಂದರೆ, ಅವರ ಗೋಡೆಯಲ್ಲಿ ಮರಳು ಹೇರಳವಾಗಿದೆ, ಸಿಮೆಂಟ್ ನಂಬಿಕೆಯ ಮೇಲಿದೆ. ಕ್ಯಾಲೆಂಡರಿಗೆಂದು ಮೊಳೆ ಹೊಡೆದರೆ ಸಲೀಸಾಗಿ ಒಳಗೆ ಹೋಗುತ್ತದೆ, ಯುಗಾದಿಯ ಹೊತ್ತಿಗೆ ಅಂಗೈಯಗಲ ಗಿಲಾವಿನ ಸಮೇತ ಕೆಳಗಿಳಿಯುತ್ತದೆ. ತಾತನ ಗೋಡೆಯಲ್ಲಿ ಮೊಳೆ ಇಳಿಯುವುದು ನಿಧಾನ. ಇಳಿದ ಮೇಲೆ ಅದು ತಾತನದೇ.

ಮದರಾಸ್ ತಾರಸಿಯನ್ನು ನೋಡದವರಿಗೆ ಒಂದು ಮಾತು. ತೇಗದ ತೊಲೆಗಳನ್ನು ಒಂದರ ಪಕ್ಕ ಒಂದು ಹೊಂದಿಸಿ, ಅವುಗಳ ಮೇಲೆ ತೆಳ್ಳನೆಯ ಪುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಗಾರೆಯಲ್ಲಿ ಕೂಡಿಸಿಕೊಂಡು ಹೋಗುತ್ತಾರೆ. ಮೇಲೆ ಇಟ್ಟಿಗೆ ಜಲ್ಲಿಗೆ ಸುಣ್ಣ ಬೆರೆಸಿ ಹರಡಿ, ಹೆಣ್ಣಾಳುಗಳು ಸಾಲಾಗಿ ಕೂತು ಮರದ ಬಡಿಗೆಯಲ್ಲಿ ದಿನಗಟ್ಟಲೆ ಬಡಿಯಬೇಕು. ಬಡಿಯುತ್ತಾ ಬೆಲ್ಲವನ್ನೂ ಅಳಲೆಕಾಯಿಯನ್ನೂ ನೆನೆಸಿದ ನೀರು ಚಿಮುಕಿಸಬೇಕು. ನಮ್ಮ ಮನೆ ಕಟ್ಟುವಾಗ ಖಾಲಿ ಸೈಟಿನಲ್ಲಿ ಗಾರೆ ಅರೆಯುವ ಗಾಣ ಹೂಡಿದ್ದರಂತೆ: ವೃತ್ತಾಕಾರದ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ಎಳೆಯಲು ಎತ್ತು. ಅಜ್ಜಿಯ ಪ್ರಕಾರ ತಾರಸಿಗೆಂದು ತಂದ ಬೆಲ್ಲದಲ್ಲಿ ತಾರಸಿಗೆ ತಲುಪಿದ್ದು ಅರ್ಧ. ಉಳಿದದ್ದು ಬೀದಿಯ ಮಕ್ಕಳಿಗಾಯಿತು. ಆದರೂ ಸೋರುವುದಿಲ್ಲ. ಅಪ್ಪನ ಆರ್‌ಸಿಸಿ ಸೋರುತ್ತದೆ.

ಮಗನ ಮಹಡಿಯ ಆಸೆಗೆ ಮಂಗಳ ಹಾಡಿದವರು ಇಂಜಿನಿಯರು. ಹುಡುಗಪ್ರಾಯದವರು. ಬಂದವರೇ ಕಾಫಿ ಬೇಡವೆಂದು, ಬೆರಳ ಗೆಣ್ಣಿನಿಂದ ಗೋಡೆಗಳನ್ನು ಕುಟ್ಟುತ್ತಾ ಮನೆಯೆಲ್ಲ ಸುತ್ತಿದರು. ತೊಲೆಯ ತುದಿ ಗೋಡೆ ಸೇರುವ ಕಡೆ ಟಾರ್ಚು ಬಿಟ್ಟು ಗೆದ್ದಲು ಹುಡುಕಿದರು. "ಈ ತಾರಸಿ ತನ್ನ ಭಾರ ತಾನು ಹೊರುತ್ತೆ ಸಾರ್, ಇನ್ನೊಂದು ಮನೇನ ಹೊರಲ್ಲ. ಮೇಲೆ ಹೋಗೋದು ಬೇಡ, ಹಿಂದಕ್ಕೆ ಹೋಗೋಣ" ಎಂದರು. ಹಿಂದಕ್ಕೆ ಎಂದರೆ ಹಿತ್ತಲಿಗೆ. ಕರಿಬೇವಿನ ಗಿಡ ಉಳಿಸಬೇಕು ಎಂಬ ಒಂದು ಷರತ್ತಿನ ಮೇಲೆ ಅಮ್ಮ ಒಪ್ಪಿದಳು.

ಅವರು ಹೇಳಿದ ಎರಡನೆಯ ಮಾತು ಮನೆಯಲ್ಲಿ ಗಲಾಟೆ ಎಬ್ಬಿಸಿತು. ಹೊಸ ಗೋಡೆಯನ್ನು ಹಳೆ ಗೋಡೆಗೆ ಸೇರಿಸಬಾರದಂತೆ! ನಡುವೆ ಒಂದು ಇಂಚು ಸಂದಿ ಬಿಡಬೇಕಂತೆ. ಕಾರಣ ಸರಳವೇ. ಹಳೆ ಮನೆಯ ಪಾಯ ಇಷ್ಟು ವರ್ಷ ಭಾರ ಹೊತ್ತು ಕೆಳಗಿನ ಮಣ್ಣನ್ನು ಎಷ್ಟು ಅದುಮಬೇಕೋ ಅಷ್ಟು ಅದುಮಿ ಕೂತಿದೆ. ಹೊಸ ಪಾಯ ಈಗಷ್ಟೇ ಕೂರಬೇಕು. ಮೊದಲ ಕೆಲವು ವರ್ಷ ಕೆಲವು ಮಿಲಿಮೀಟರ್ ಇಳಿದೇ ಇಳಿಯುತ್ತದೆ. ಎರಡನ್ನೂ ಕಚ್ಚಿಸಿ ಕಟ್ಟಿದರೆ ಇಳಿಯುವುದು ನಿಂತದ್ದನ್ನು ಎಳೆಯುತ್ತದೆ, ನಿಂತದ್ದು ಜಗ್ಗುವುದಿಲ್ಲ, ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಸೀಳುತ್ತದೆ.

ಮೇಸ್ತ್ರಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಅವರ ಪದ್ಧತಿಯೇ ಬೇರೆ: ಹಳೆ ಗೋಡೆಯಲ್ಲಿ ವರಸೆ ಬಿಟ್ಟು ವರಸೆ ಇಟ್ಟಿಗೆ ಕಿತ್ತು, ಆ ಹಲ್ಲುಗಳಲ್ಲಿ ಹೊಸ ಇಟ್ಟಿಗೆ ಕಚ್ಚಿಸುವುದು. "ನಮ್ಮಪ್ಪನ ಕಾಲದಿಂದ ಹಂಗೇ ಮಾಡ್ಕೊಂಡ್ ಬಂದಿರೋದು ಸ್ವಾಮಿ. ಮನೆ ಒಂದೇ ಅಂದ್ಮೇಲೆ ಬಿರುಕು ನಾವೇ ಬಿಡಾದಾ? ಅದು ಬರೋದಾದ್ರೆ ತಾನಾಗೇ ಬರ್ಲಿ" ಎಂದರು. ಇಂಜಿನಿಯರು ಮಣ್ಣಿನ ವಿಜ್ಞಾನ ಹೇಳಿದರು. ಮೇಸ್ತ್ರಿ ಕರಣೆಯನ್ನು ಬಾಂಡ್ಲಿಯಲ್ಲಿಟ್ಟು ಬೀಡಿ ಹಚ್ಚಿದರು. ಜಗಲಿಯ ಮೇಲೆ ಹುರುಳಿಕಾಯಿ ಮುರಿಯುತ್ತಾ ಕೂತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು: "ಅಕ್ಕಪಕ್ಕ ಇರಲಿ, ಅಂಟಿಕೊಂಡಿರೋದು ಬೇಡ. ನಾನೂ ನಮ್ಮತ್ತೇನೂ ಈ ಮನೇಲಿ ಮೂವತ್ತು ವರ್ಷ ಬಾಳಿದ್ದು ಹಾಗೇ." ಒಳಗೆ ನನ್ನ ಹೆಂಡತಿ ಪಾತ್ರೆಯ ಸದ್ದು ನಿಲ್ಲಿಸಿದ್ದು ನನಗೆ ಕೇಳಿಸಿತು. ಸಂದಿ ಬಿಡುವುದೆಂದು ತೀರ್ಮಾನವಾಯಿತು.

ಪ್ಲಾನು ಮಂಜೂರಿಯ ಕಥೆ ಬೇಗ ಮುಗಿಸುತ್ತೇನೆ. ಸಂಬಂಧಪಟ್ಟ ಕಚೇರಿಯಲ್ಲಿ ಮನೆಯ ಮೂಲ ನಕ್ಷೆ ತನ್ನಿ ಎಂದರು. ಅದರ ಒಂದು ಪ್ರತಿ ಅವರ ಹತ್ತಿರವೂ ಇರಬೇಕಿತ್ತು. ಅವರದು ಏನಾಯಿತೋ ಅವರಿಗೆ ತಿಳಿಯದು, ನಮ್ಮದು ಗೆದ್ದಲಿಗಾಯಿತು. ಇದ್ದ ಮನೆಯನ್ನು ಟೇಪು ಹಿಡಿದು ಅಳೆದು, ಅದು ಇದೆ ಎಂದು ಕಾಗದದ ಮೇಲೆ ರುಜುವಾತು ಮಾಡಿದ ಮೇಲೆ ಫೈಲು ಮುಂದಕ್ಕೆ ಹೋಯಿತು.

ಅಷ್ಟರಲ್ಲಿ ಸೋದರಮಾವ ಪಂಚಾಂಗ ಹಿಡಿದುಕೊಂಡು ಬಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ವಾಸ್ತುವಿನಲ್ಲಿ ಅವರಿಗೆ ರುಚಿಸುವುದು ಭಾಗಾಕಾರ. "ಆಯ ನೋಡಿಸಿದೆಯೇನಪ್ಪಾ?" ಎಂದರು. ಇಲ್ಲ ಎಂದೆ. ಕೂತರು.

ಆಯದ ಲೆಕ್ಕ ಗೊತ್ತಿಲ್ಲದವರಿಗೆ: ಮನೆಯ ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಬೇಕು. ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ನಾಲ್ಕಕ್ಕೆ ಶ್ವಾನ, ಐದಕ್ಕೆ ವೃಷಭ, ಆರಕ್ಕೆ ಖರ, ಏಳಕ್ಕೆ ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಬಂದರೆ ಶುಭ, ಸಮ ಬಂದರೆ ಕೆಟ್ಟಿತು. ನಮ್ಮ ಮನೆ, ಅಪ್ಪನ ಕೋಣೆಯೂ ಸೇರಿ, ಇಪ್ಪತ್ತೈದು ಅಡಿಗೆ ನಲವತ್ತೊಂದು. ಅಂದರೆ 1025, ಒಂಬತ್ತರಿಂದ ಗುಣಿಸಿದರೆ 9225, ಎಂಟರಿಂದ ಭಾಗಿಸಿದರೆ ಶೇಷ ಒಂದು. ಧ್ವಜಾಯ! ಮಾವ ತೃಪ್ತಿಯಿಂದ ಕನ್ನಡಕ ಒರೆಸಿಕೊಂಡರು. ತಾತನೂ ಅಪ್ಪನೂ ತಿಳಿದೇ ಕಟ್ಟಿಸಿದ್ದಾರೆ ಎಂದರು.

ಇಲ್ಲಿ ಒಂದು ಮಾತು ಸೇರಿಸಬೇಕು. ಒಂಬತ್ತರಿಂದ ಗುಣಿಸುವ ಶ್ರಮವನ್ನು ಮಾವ ಸುಮ್ಮನೆ ಪಟ್ಟರು. ಒಂಬತ್ತನ್ನು ಎಂಟರಿಂದ ಭಾಗಿಸಿದರೆ ಒಂದೇ ಉಳಿಯುವುದರಿಂದ, ಗುಣಿಸಿದರೂ ಬಿಟ್ಟರೂ ಶೇಷ ಬದಲಾಗುವುದಿಲ್ಲ. ಇದನ್ನು ನಾನು ಹೇಳಿದಾಗ ಮಾವ, "ಅದು ನನಗೆ ಗೊತ್ತಿಲ್ಲ ಅಂದ್ಕೊಂಡೆಯಾ? ಗುಣಿಸದೆ ಹೇಳಿದ್ರೆ ಯಾರೂ ನಂಬಲ್ಲ" ಎಂದರು. ಮೂವತ್ತು ವರ್ಷ ಪಾಠ ಮಾಡಿದವರ ಅನುಭವದ ಮಾತು.

ನಮ್ಮ ಹೊಸ ಕೋಣೆ, ಬಚ್ಚಲು ಸೇರಿ, ಹದಿಮೂರಕ್ಕೆ ಹದಿನೈದು. ನಾಲ್ಕು ಚದರದ ಕನಸು ಹಣದ ಮುಂದೆ ಅಷ್ಟಕ್ಕೆ ಇಳಿದಿತ್ತು. 195 ಚದರಡಿ. ಹಳೆಯದಕ್ಕೆ ಕೂಡಿಸಿದರೆ 1220. ಎಂಟರಿಂದ ಭಾಗಿಸಿದರೆ ಶೇಷ ನಾಲ್ಕು. ಮಾವ ಪೆನ್ನು ಕೆಳಗಿಟ್ಟರು. ಎಂಬತ್ತು ವರ್ಷದ ಬಾವುಟ ಇಳಿದು ಮನೆಗೆ ನಾಯಿ ಬಂದಿತ್ತು.

ಮನೆಯಲ್ಲಿ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮಗನೊಬ್ಬ, "ಹೇಗೂ ನಾಯಿ ಸಾಕಬೇಕು ಅಂತಿದ್ವಲ್ಲ" ಎಂದು ಬೈಸಿಕೊಂಡ. ಮಾವ ಕಾಗದದ ಹಿಂಬದಿಯಲ್ಲಿ ಏನೇನೋ ಗೀಚಿ, ಕೊನೆಗೆ ಹದಿನೈದರಲ್ಲಿ ಒಂದು ಅಡಿ ಕಡಿಮೆ ಮಾಡಿ ಎಂದರು. ಹದಿಮೂರಕ್ಕೆ ಹದಿನಾಲ್ಕು, 182. ಕೂಡಿಸಿದರೆ 1207. ಎಂಟು ನೂರೈವತ್ತಲ ಸಾವಿರದ ಇನ್ನೂರು, ಉಳಿದದ್ದು ಏಳು. ಗಜಾಯ! ಒಂದು ಅಡಿ ಕತ್ತರಿಸಿದರೆ ನಾಯಿ ಹೋಗಿ ಆನೆಯಾಗುವ ಈ ಚಮತ್ಕಾರ ಬೇರೆ ಯಾವ ಶಾಸ್ತ್ರದಲ್ಲಿದೆ ಹೇಳಿ. ಇಂಜಿನಿಯರು ಕೇಳಿ ನಕ್ಕರು, ಆದರೆ ತಕರಾರು ಮಾಡಲಿಲ್ಲ. ಒಂದು ಅಡಿ ಹಿಂದೆ ಸರಿದದ್ದರಿಂದ ಕರಿಬೇವಿನ ಬೇರಿಗೆ ಪಾಯ ತಾಗದೆ ಉಳಿಯಿತು. ಅಮ್ಮ ಇದರ ಯಶಸ್ಸನ್ನು ತನ್ನ ಅಣ್ಣನಿಗೆ ಕೊಡದೆ ಗಿಡಕ್ಕೇ ಕೊಟ್ಟಳು.

ಆಮೇಲೆ ಇಟ್ಟಿಗೆಯ ಅಧ್ಯಾಯ. ತಾತನ ಇಟ್ಟಿಗೆ ಎರಡು ಇಂಚು ದಪ್ಪ. ಈಗ ಗೂಡಿನಿಂದ ಬರುವುದು ಮೂರು ಇಂಚು. ಎರಡು ಅಡಿ ಎತ್ತರಕ್ಕೆ ಹಳೆ ಗೋಡೆಯಲ್ಲಿ ಹತ್ತು ವರಸೆ ಹಿಡಿದರೆ ಹೊಸದರಲ್ಲಿ ಏಳು. ಹೇಗೆ ಹೊಂದಿಸಿದರೂ ಗೆರೆಗೆ ಗೆರೆ ಕೂಡುವುದಿಲ್ಲ. ಗಿಲಾವು ಮಾಡಿದ ಮೇಲೆ ಯಾರಿಗೆ ಕಾಣುತ್ತದೆ ಎಂದರು ಎಲ್ಲರೂ. ನಿಜ. ಆದರೆ ಕಟ್ಟುವಷ್ಟು ದಿನವೂ ನಮಗೆ ಕಾಣುತ್ತದಲ್ಲ! ಸಾಲಿಡ್ ಬ್ಲಾಕ್ ಹಾಕಿದರೆ ಕೆಲಸ ಬೇಗ ಮುಗಿಯುತ್ತೆ ಎಂದು ಮೇಸ್ತ್ರಿ. ಇಟ್ಟಿಗೆ ಮನೆಗೆ ಇಟ್ಟಿಗೆಯೇ ಆಗಬೇಕು ಎಂದು ಅಮ್ಮ. ಇಂಜಿನಿಯರು ನಡುವೆ ಬಾಯಿ ಹಾಕಿ ಲಾರಿ ಬೇಕರ್ ಹೆಸರು ಹೇಳಿದರು. ಇಂಗ್ಲೆಂಡಿನಿಂದ ಬಂದು ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಳ್ಳುವ ತನಕ ಇಟ್ಟಿಗೆಯನ್ನೇ ಧ್ಯಾನಿಸಿದ ಆ ವಾಸ್ತುಶಿಲ್ಪಿ ಜನಪ್ರಿಯ ಮಾಡಿದ ರ್‍ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಗೋಡೆಯ ಹೊಟ್ಟೆಯಲ್ಲಿ ಪೊಳ್ಳು ಉಳಿಯುತ್ತದೆ. ಕಾಲುಭಾಗದಷ್ಟು ಇಟ್ಟಿಗೆ ಉಳಿತಾಯ, ಬೇಸಗೆಯಲ್ಲಿ ಒಳಗೆ ತಂಪು. ನನಗೆ ಬಹಳ ಹಿಡಿಸಿತು. ಮೇಸ್ತ್ರಿ ಎಲ್ಲವನ್ನೂ ಕೇಳಿ, "ಕಟ್ಟಣ ಸ್ವಾಮಿ. ಇಲಿಗೆ ಬೇಕಾದಷ್ಟು ಜಾಗ ಆಯ್ತದೆ. ನಿಮ್ಗೆ?" ಎಂದರು. ಅಲ್ಲಿಗೆ ಬೇಕರರು ತಿರುವನಂತಪುರಕ್ಕೆ ಮರಳಿದರು. ಒಂಬತ್ತು ಇಂಚಿನ ಸಾದಾ ಗೋಡೆಯೆಂದಾಯಿತು.

ಲಾರಿ ಬಂದ ದಿನ ಇಟ್ಟಿಗೆ ಪರೀಕ್ಷೆಗೆ ಕೂತವಳು ಅಮ್ಮ. ಎರಡನ್ನು ತೆಗೆದುಕೊಂಡು ಒಂದಕ್ಕೊಂದು ತಾಗಿಸಿ ಕಿವಿಗೊಟ್ಟಳು. ಕಣ್ ಎಂದರೆ ಬೆಂದಿದೆ, ದಬ್ ಎಂದರೆ ಬೆಂದಿಲ್ಲ. ಸೊಂಟದ ಎತ್ತರದಿಂದ ಒಂದನ್ನು ನೆಲಕ್ಕೆ ಬಿಡಿಸಿದಳು, ಒಡೆಯಲಿಲ್ಲ. ಇಂಜಿನಿಯರ ಪರೀಕ್ಷೆ ಬೇರೆ: ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿ ತೂಗಿದರೆ ತನ್ನ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಕುಡಿದಿರಬಾರದು. ಎರಡರಲ್ಲೂ ಪಾಸಾಯಿತು. ಅಂದಿನಿಂದ ಕೆಲಸದ ಉಸ್ತುವಾರಿ ಅಮ್ಮನ ಕೈಗೆ ಹೋಯಿತು. ಜಗಲಿಯಲ್ಲಿ ಬೆತ್ತದ ಕುರ್ಚಿ, ಪಕ್ಕದಲ್ಲಿ ನೀರಿನ ಚೊಂಬು. ಒಣ ಇಟ್ಟಿಗೆ ಗೋಡೆಗೆ ಏರಿದ್ದು ಕಂಡರೆ, "ಮೇಸ್ತ್ರಿ, ಅದಕ್ಕೆ ಬಾಯಾರಿಕೆ ಕಣಪ್ಪಾ. ಗಾರೇಲಿರೋ ನೀರೆಲ್ಲ ಅದೇ ಕುಡಿದುಬಿಟ್ರೆ ಗಾರೆ ಹಿಡಿಯೋದು ಹೇಗೆ?" ಎನ್ನುತ್ತಿದ್ದಳು. "ಆಯ್ತು ಅಮ್ಮಾವ್ರೇ" ಎಂದು ಅವರು ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದರು. ನನಗೆ ಹತ್ತು ಪ್ರಶ್ನೆ ಹಾಕುತ್ತಿದ್ದ ಮೇಸ್ತ್ರಿ ಅಮ್ಮನಿಗೆ ಒಂದನ್ನೂ ಹಾಕಲಿಲ್ಲ. ತೂಕದ ಗುಂಡು ಇಳಿಬಿಟ್ಟಾಗ ಮಾತ್ರ ಓರೆಗಣ್ಣಿನಿಂದ ಕುರ್ಚಿಯ ಕಡೆ ನೋಡುತ್ತಿದ್ದರು.

ಎಲ್ಲಕ್ಕಿಂತ ಆತಂಕ ತಂದದ್ದು ಬಾಗಿಲು ಒಡೆಯುವ ಕೆಲಸ. ಹೊಸ ಕೋಣೆಗೆ ಹೋಗಲು ತಾತನ ಹಿಂಗೋಡೆಯಲ್ಲಿ ದಾರಿ ಬೇಕು. ಆ ಗೋಡೆಯ ತಲೆಯ ಮೇಲೆ ತಾರಸಿಯ ತೊಲೆಗಳು ಕೂತಿವೆ. ಒಂದೇ ಏಟಿಗೆ ಒಡೆದರೆ ತಾರಸಿಯೂ ನಡುಮನೆಗೆ ಬರುತ್ತದೆ. ತೊಲೆಗಳ ಕೆಳಗೆ ಸಾಲಾಗಿ ಜಾಕಿ ಕೊಟ್ಟರು. ಗೋಡೆಯ ಹದಿನೆಂಟು ಇಂಚಿನಲ್ಲಿ ಹೊರಗಿನ ಅರ್ಧವನ್ನಷ್ಟೇ ಮೊದಲು ಕೊರೆದು ಲಿಂಟಲ್ ಕೂರಿಸಿದರು. ಅದು ಗಟ್ಟಿಯಾದ ಮೇಲೆ ಒಳಗಿನ ಅರ್ಧ. ಆಮೇಲೆ ಕೆಳಗಿನ ಇಟ್ಟಿಗೆ ಒಂದೊಂದಾಗಿ ಬಿಡಿಸಿದರು.

ಬಿಡಿಸಿದರು ಎಂದೆ, ಒಡೆದರು ಎನ್ನಲಿಲ್ಲ. ಸುಣ್ಣದ ಗಾರೆಯ ದೊಡ್ಡ ಗುಣ ಇದು. ಗಾರೆ ಇಟ್ಟಿಗೆಗಿಂತ ಮೆದು. ಕರಣೆಯ ಅಂಚಿನಿಂದ ತಟ್ಟಿದರೆ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ, ಮೈಗೆ ಹತ್ತಿದ್ದನ್ನು ಕೆರೆದರೆ ಹೊಸದೇ. ಅಪ್ಪನ ಗೋಡೆಯದೇ ಒಂದು ಮೂಲೆ ಬಿಚ್ಚಬೇಕಾಯಿತು. ಅಲ್ಲಿ ಸಿಮೆಂಟ್ ಹಿಡಿದ ಕಡೆ ಇಟ್ಟಿಗೆ ಚೂರಾಯಿತೇ ಹೊರತು ಸಿಮೆಂಟ್ ಬಿಡಲಿಲ್ಲ. ತಾತನ ಗೋಡೆಯ ನಡುವೆ ಗಾರೆ ಇನ್ನೂ ಉಗುರಿಗೆ ಸಿಗುವಷ್ಟು ಮೆತ್ತಗಿತ್ತು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಗೆ ಮತ್ತೆ ಸುಣ್ಣದ ಕಲ್ಲಾಗುತ್ತದೆ. ದಪ್ಪ ಗೋಡೆಯ ಒಡಲಿಗೆ ಗಾಳಿ ತಲುಪಲು ಎಷ್ಟೋ ದಶಕ ಬೇಕು. ಎಂಬತ್ತು ದಾಟಿದ ಗೋಡೆ ಒಳಗೆ ಇನ್ನೂ ಗಟ್ಟಿಯಾಗುತ್ತಲೇ ಇತ್ತು ಎಂದಾಯಿತು. ಕೆಡವಿ ಎಂದವರಿಗೆ ಇದನ್ನು ಹೇಳಿದೆ. ಅವರು ಕಾರಿನ ವಿಷಯ ಎತ್ತಿದರು.

ಬಿಡಿಸಿದ ಇಟ್ಟಿಗೆಗಳಲ್ಲಿ ಒಂದನ್ನು ಮೇಸ್ತ್ರಿ ತಿರುಗಿಸಿ ನೋಡಿ, ನಗುತ್ತಾ ಅಮ್ಮನ ಕೈಗೆ ಕೊಟ್ಟರು. ಅದರ ಮೈಮೇಲೆ ಅಚ್ಚುಕಟ್ಟಾಗಿ ಒತ್ತಿದ ಒಂದು ಹೆಜ್ಜೆ: ನಾಲ್ಕು ಬೆರಳು, ಹಿಂದೆ ಮೆತ್ತನೆಯ ಗುಳಿ, ತುದಿಯಲ್ಲಿ ಉಗುರಿನ ಚುಕ್ಕಿ. ಹಸಿ ಇಟ್ಟಿಗೆಯನ್ನು ಬಯಲಲ್ಲಿ ಒಣಗಲು ಹರಡಿದ್ದಾಗ ಯಾವುದೋ ಮರಿ ಅದರ ಮೇಲೆ ಓಡಿಹೋಗಿದೆ. ಹೆಜ್ಜೆ ಗೂಡಿನಲ್ಲಿ ಬೆಂದು ನಿಂತಿದೆ. ಅಮ್ಮ ಸೆರಗಿನಲ್ಲಿ ಧೂಳು ಒರೆಸಿ, ಮಾವನನ್ನು ಕರೆಸಿದಳು. "ನೋಡು ಅಣ್ಣ. ನಿನ್ನ ಧ್ವಜಾಯದೊಳಗೆ ಎಂಬತ್ತು ವರ್ಷದಿಂದ ನಾಯಿ ಇತ್ತು" ಎಂದಳು. ಮಾವ ಇಟ್ಟಿಗೆಯನ್ನು ಹಿಂದೆ ಮುಂದೆ ನೋಡಿದರು. "ಒಂದೇ ಕಾಲಿದೆ. ಲೆಕ್ಕಕ್ಕೆ ಬರಲ್ಲ" ಎಂದರು.

ಗೋಡೆಗಳೆದ್ದ ಮೇಲೆ ಉಳಿದದ್ದು ಎಲ್ಲರ ಮನೆಯಲ್ಲೂ ಆಗುವಂಥದ್ದು: ಮೋಲ್ಡು ಹಾಕಿದ ದಿನ ಮಿಕ್ಸರಿನ ಸದ್ದು, ಕೆಲಸದವರಿಗೆ ಪಾಯಸದೂಟ, ಕಾಫಿಪುಡಿಯ ಡಬ್ಬಿಯೊಳಗೂ ಎಂ-ಸ್ಯಾಂಡಿನ ಧೂಳು, ಹೇಳಿದ ದಿನಕ್ಕೆ ಬಾರದ ಎಲೆಕ್ಟ್ರಿಷಿಯನ್. ತಾತನ ಗೋಡೆಯಲ್ಲಿ ಒಡೆದ ಅಂಚುಗಳಿಗೆ ಸಿಮೆಂಟ್ ಗಿಲಾವು ಮಾಡಬಾರದು, ಸುಣ್ಣದ್ದೇ ಆಗಬೇಕು, ಸಿಮೆಂಟ್ ಹಚ್ಚಿದರೆ ಗೋಡೆಯೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಇಟ್ಟಿಗೆಯೇ ಪುಡಿಯಾಗುತ್ತದೆ ಎಂದು ಇಂಜಿನಿಯರು ಪಟ್ಟು ಹಿಡಿದರು. ಸುಣ್ಣ ಸಿಕ್ಕಿತು, ಸುಣ್ಣದ ಕೆಲಸ ಬಲ್ಲವರು ಸಿಗಲಿಲ್ಲ. ಕೊನೆಗೆ ಮೇಸ್ತ್ರಿಯೇ ಊರಿನಿಂದ ತಮ್ಮ ತಂದೆಯನ್ನು ಕರೆತಂದರು. ಆ ಹಿರಿಯರೂ ಅಮ್ಮನೂ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಮೇಸ್ತ್ರಿಯ ಮೇಲೆ ಅಧಿಕಾರ ಚಲಾಯಿಸಿದ ಆ ವಾರವನ್ನು ಅವರು ಬೇಗ ಮರೆಯಲಾರರು. ಹಚ್ಚುವ ಮುಂಚೆ ಗೋಡೆಗೆ ನೀರು ಹೊಡಿ ಎಂದು ಇವಳು, ಹೊಡೆದದ್ದು ಸಾಲದು ಎಂದು ಅವರು.

ನೆಲದ ವಿಷಯದಲ್ಲಿ ನಾನು ಸೋತೆ. ತಾತನ ರೆಡ್ ಆಕ್ಸೈಡ್ ನೆಲ ಮುಖ ನೋಡಿಕೊಳ್ಳುವಷ್ಟು ನುಣುಪು. ಹೊಸ ಕೋಣೆಗೂ ಅದೇ ಇರಲಿ ಎಂದೆ. ಹಾಗೆ ತೀಡುವವರು ಸಿಕ್ಕರೂ ಕೇಳಿದ ಕೂಲಿ ಕೇಳಿ ಹೆಂಡತಿ ಟೈಲ್ಸ್ ಅಂಗಡಿಗೆ ನಡೆದಳು. ಬಚ್ಚಲಿನ ನೀರು ಹಿತ್ತಲ ಚರಂಡಿಗೆ ಹರಿಯಲು ಇಳಿಜಾರು ಸಾಲದೆ, ಹೊಸ ಕೋಣೆಯ ನೆಲ ಹಳೆಯದಕ್ಕಿಂತ ಎರಡು ಇಂಚು ಮೇಲಕ್ಕೆ ಬಂತು. ಆ ಎರಡು ಇಂಚನ್ನು ಇಡೀ ಬಳಗ ಒಬ್ಬೊಬ್ಬರಾಗಿ ಕಾಲಿನಿಂದ ಎಡವಿಯೇ ತಿಳಿದುಕೊಂಡಿತು. ಎಡವದವಳು ಅಮ್ಮ ಒಬ್ಬಳೇ. ಅವಳಿಗೆಂದು ಮಗ ಅಲ್ಲಿ ಮರದ ಇಳಿಜಾರೊಂದನ್ನು ಮಾಡಿಸಿದ್ದ.

ಹೋದ ಬೇಸಗೆಯಲ್ಲಿ ಬಿರುಕು ಬಂತು. ಬಂದದ್ದು ಇಂಜಿನಿಯರು ಬಿಡಿಸಿದ ಸಂದಿಯ ಮೇಲೆ, ಅದನ್ನು ಮುಚ್ಚಿದ್ದ ಪಟ್ಟಿಯ ಅಂಚಿನಲ್ಲಿ, ಕೂದಲೆಳೆಯಷ್ಟು, ನೆಟ್ಟಗೆ. ಎರಡು ಕಡೆಯ ಗೋಡೆಗೂ ಏನೂ ಆಗಿಲ್ಲ. ಮೇಸ್ತ್ರಿ ಬಂದು ನೋಡಿ, "ನಾನು ಹೇಳಿರ್ಲಿಲ್ವಾ, ಬಿರುಕು ಬರ್ತದೆ ಅಂತ?" ಎಂದರು. ಇಂಜಿನಿಯರು ಬಂದು ನೋಡಿ ಅದೇ ಮಾತು ಹೇಳಿದರು. ಇಬ್ಬರಿಗೂ ಕಾಫಿ ಕೊಟ್ಟೆವು. ಈ ಸಲ ಇಂಜಿನಿಯರು ಬೇಡವೆನ್ನಲಿಲ್ಲ. ಅಮ್ಮ ಕೊಡೆಯನ್ನು ಅಟ್ಟಕ್ಕೆ ಹಾಕಿಸಿದ್ದಾಳೆ. ಗೀಸರಿನ ನೀರಿಗೆ ಹಂಡೆಯ ನೀರಿನ ಹಿತವಿಲ್ಲ ಎನ್ನುತ್ತಾಳೆ, ಆದರೆ ದಿನಾ ಎರಡು ಸಲ ಸ್ನಾನ ಮಾಡುತ್ತಾಳೆ.

ಒಂದು ಕೆಲಸ ಬಾಕಿ ಉಳಿದಿದೆ. ಹೊಸ ಬಾಗಿಲಿನ ಎಡ ನಿಲುವನ್ನು ಗಿಲಾವು ಮಾಡದೆ ಹಳೆ ಇಟ್ಟಿಗೆ ಕಾಣುವಂತೆ ಬಿಡೋಣವೆಂದು ಹೊರಟೆವು. ಬಿಡಿಸಿದ ಇಟ್ಟಿಗೆ ಮುಕ್ಕಾಲು ಎತ್ತರಕ್ಕೆ ಸಾಕಾಯಿತು, ಮೇಲಿನದಕ್ಕೆ ಸಾಲಲಿಲ್ಲ. ಮೈಸೂರಿನಲ್ಲಿ ದಿನ ಬೆಳಗಾದರೆ ಒಂದಲ್ಲ ಒಂದು ಹಳೆ ಮನೆ ಬೀಳುತ್ತಿದೆ. ಬಾಗಿಲು, ಕಿಟಕಿ, ತೊಲೆಗಳಿಗೆ ಗಿರಾಕಿ ಉಂಟು. ಇಟ್ಟಿಗೆ ಮಾತ್ರ ಹಳ್ಳ ತುಂಬಲು ಲಾರಿ ಹತ್ತುತ್ತದೆ. ನಿಮ್ಮ ಬೀದಿಯಲ್ಲಿ ಯಾರಾದರೂ ಸುಣ್ಣದ ಗಾರೆಯ ಮನೆ ಕೆಡವಿಸುತ್ತಿದ್ದರೆ, ಜೆಸಿಬಿ ಬರುವ ಹಿಂದಿನ ದಿನ ದಯಮಾಡಿ ಒಂದು ಮಾತು ತಿಳಿಸಿ. ಎರಡು ಇಂಚು ದಪ್ಪದ ಇಟ್ಟಿಗೆ, ಐವತ್ತು ಸಿಕ್ಕರೆ ಸಾಕು. ಮೂಲೆ ಮುಕ್ಕಾಗಿದ್ದರೂ ಆದೀತು, ಮೇಲೆ ನಾಯಿಯ ಹೆಜ್ಜೆಯಿದ್ದರೆ ಇನ್ನೂ ಒಳ್ಳೆಯದು. ಬಿಡಿಸಿಕೊಳ್ಳುವ ಕೂಲಿ, ಸಾಗಣೆ ಎರಡೂ ನಮ್ಮದೇ.